ಮೂರನೇ ಮಹಡಿಯ ಹನಿ

ಮುಹರ್ರಕ್‌ನ ಈ ಓಣಿಗೆ ನನ್ನನ್ನು ಕರೆಸಿದ್ದು ಒಂದು ದೂರು:
ಮೂರನೇ ಮಹಡಿಯ ಏಸಿ ಸೋರುತ್ತಿದೆ,
ದರ್ಜಿ ಮೊಯ್ದಿನಬ್ಬನ ಗಿರಾಕಿಗಳ ನೆತ್ತಿ ಒದ್ದೆ.

ಏಣಿ ಚಾಚುವ ಮೊದಲು ಕೆಳಗೆ ನೋಡಿದೆ.
ಹನಿ ಬೀಳುವಲ್ಲಿ ಸಿಮೆಂಟು ಬಿರಿದು
ಅಂಗೈಯಷ್ಟು ಹಸಿರು.
ಗರಿಕೆಯಂಥದೇನೋ; ಹೆಸರು ತಿಳಿಯದು.
ಬುಡದಲ್ಲಿ ಇರುವೆ. ಇರುವೆಗೆ ಹೊಂಚುವ ಹಲ್ಲಿ.
ಹಲ್ಲಿಗೆ ಕಾದು ಕೂತ ಕಿವಿಹರುಕ ಬೆಕ್ಕು,
ಬೆಕ್ಕಿಗೆ ಬೈಯುವ ಮೈನಾ ಜೋಡಿ.
ಅವೂ ನಮ್ಮ ಕಡೆಯವೇ, ವೀಸಾ ಇಲ್ಲದೆ ಬಂದು
ಗೋಡೆಯ ತೂತಿನಲ್ಲಿ ಸಂಸಾರ ಹೂಡಿವೆ.

ಆಗಸ್ಟಿನಲ್ಲಿ ಇಲ್ಲಿ ಮಳೆಯಿಲ್ಲ.
ಗಾಳಿಯ ತುಂಬ ಕಡಲು, ಅಂಗಿಗಂಟುವ ಕಡಲು,
ಉಪ್ಪನ್ನಷ್ಟೇ ಹಿಂದೆ ಬಿಟ್ಟು ಬಂದದ್ದು.
ತಣ್ಣಗಿನ ಸುರುಳಿಗೆ ಮೈ ತಾಗಿದ್ದೇ
ಹನಿಯುತ್ತದೆ.
ಒಳಗೆ ರಾತ್ರಿಪಾಳಿ ಮುಗಿಸಿ ಮಲಗಿದವರಿಗೆ ತಂಪು,
ಇರುವೆಗೆ ಕೆರೆ,
ಓಣಿಯಲ್ಲಿ ನಡೆಯುವವನ ಮುಖಕ್ಕೆ ಬೆಂಕಿಯುಸಿರು.
ಮೂರನ್ನೂ ಉಗುಳುವುದು ಇದೇ ಪೆಟ್ಟಿಗೆ.
ಹದಿನೆಂಟು ವರ್ಷ ಚೀಟಿಯಲ್ಲಿ ನಾನು
'ಸೋರಿಕೆ' ಅಂತಷ್ಟೇ ಬರೆದುಕೊಂಡು ಬಂದೆ.

ಗೋಡೆಗುಂಟ ಪೈಪು ಇಳಿಸಿದೆ. ನೆತ್ತಿಗಳು ಪಾರಾದವು.
ಪೈಪಿನ ಬಾಯಿ ಬಿರುಕಿಗೆ ನಾಲ್ಕು ಬೆರಳು ಮೇಲೆ.
'ಚರಂಡಿಯ ತನಕ ಬಿಡಬಾರದಿತ್ತಾ ಮಾರಾಯ?'
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದ ಮೊಯ್ದಿನಬ್ಬ.
'ಪೈಪು ಸಾಲಲಿಲ್ಲ' ಅಂದೆ.
ಚೀಲದಲ್ಲಿ ಇನ್ನೂ ಎರಡು ಮೀಟರು ಸುತ್ತಿಟ್ಟಿತ್ತು.

ಏಣಿ ಹೊತ್ತು ತಿರುವು ದಾಟುವಾಗ ಹೊಳೆಯಿತು:
ಡಿಸೆಂಬರಿನಲ್ಲಿ ಏಸಿ ಆರಿಸುತ್ತಾರಲ್ಲ,
ಆಗ?
ಮಳೆ ಒಂದೆರಡು ಸಲ ಬರುತ್ತದೆ ಅನ್ನುತ್ತಾರೆ.
ಬಂದರೆ ಸರಿ.