ಆರ್ಜೆಂಟ್ ಬೀದಿ

ಬ್ರೋಕನ್ ಹಿಲ್ಲಿನ ದೊಡ್ಡ ಬೀದಿಗೆ ಬೆಳ್ಳಿಯದೇ ಹೆಸರು, ಆರ್ಜೆಂಟ್.
ಬಂದ ಹೊಸತರಲ್ಲಿ ನನ್ನ ಕಿವಿಗೆ ಅದು ಅರ್ಜೆಂಟ್.
ಯಾರಿಗೂ ಅರ್ಜೆಂಟಿಲ್ಲದ ಬೀದಿ!
ಮಧ್ಯಾಹ್ನ ಮೂರಕ್ಕೆ ಒಂದು ನಾಯಿ
ಅಂಚೆ ಕಚೇರಿಯ ನೆರಳು ಸರಿದಷ್ಟೇ ಸರಿಯುತ್ತದೆ.
ಅಕ್ಕಪಕ್ಕ ಕ್ಲೋರೈಡ್, ಸಲ್ಫೈಡ್, ಆಕ್ಸೈಡ್ ಬೀದಿಗಳು,
ಪಿಯುಸಿ ಲ್ಯಾಬಿನ ಕಪಾಟು ಮಗುಚಿ ಊರಾದ ಹಾಗೆ.

ರಾತ್ರಿಪಾಳಿಯ ದುಡ್ಡು ಬ್ಯಾಂಕಿನಲ್ಲಿ ಮಲಗಿ ಸವೆಯುತ್ತಿತ್ತು.
ಬೆಳ್ಳಿ ಕೊಳ್ಳೋಣ ಎಂದೆ.
ಧರಣೇಂದ್ರ ಕೂಡಲೇ, ಗಟ್ಟಿ ತಗೋ, ಒಂದು ಕಿಲೋ,
ಮಜೂರಿ ಕಡಿಮೆ, ಅಕ್ಕಿ ಡಬ್ಬಿಯ ತಳದಲ್ಲಿ ಕೂರುತ್ತೆ.
ಕಾರಿನ ಗೇರ್‌ಬಾಕ್ಸ್ ಹೋದ ದಿನ
ಇಟ್ಟಿಗೆಯ ಮೂಲೆ ಮುರಿದು ಕೊಡಲೇ ಮೆಕ್ಯಾನಿಕ್ಕಿಗೆ?
ಅದಕ್ಕೇ ನಾಣ್ಯ ಎಂದೆ ನಾನು. ಒಂದೊಂದು ಔನ್ಸು, ಮೈಮೇಲೆ ಕಾಂಗರೂ,
ಬೇಕಾದಾಗ ಒಂದು ಉದುರಿಸಿದರಾಯಿತು
ಕೋಡುಬಳೆ ಡಬ್ಬಿಯಿಂದ ತೆಗೆದುಕೊಟ್ಟಂತೆ.
ಕಾಂಗರೂ ಕುಣಿದದ್ದಕ್ಕೆ ಬೇರೆ ಕೂಲಿ, ಎಂದ ಅವನು,
ಕೊಳ್ಳುವಾಗ ತೆರಬೇಕು, ಮಾರುವಾಗ ಕೇಳಬಾರದು.
ಮೇಲಾಗಿ ಹೊಸ ನಾಣ್ಯಕ್ಕೂ ಹಾಲಿನ ಕಲೆ ಏಳುತ್ತದಂತೆ.
ಬೆಳ್ಳಗಿರುವುದೆಲ್ಲ ಹಾಲಲ್ಲ ಸರಿ,
ಬೆಳ್ಳಿಯ ಮೇಲಿನ ಹಾಲೂ ಹಾಲಲ್ಲ.

ಸಬ್ಬಕ್ಕಿಯಂಥ ಹರಳು ಬೆಳ್ಳಿಯೂ ಸಿಗುತ್ತದೆ, ಅಗ್ಗ.
ಕೊಳ್ಳುವವನ ಮುಂದೆ ಸುರುವಿದರೆ
ಅವನು ಮೊದಲು ನೋಡುವುದು ಮಾರುವವಳ ಮುಖ.
ಹಳೆಯ ಸಾಮಾನು ಮಾರುವ ಮುದುಕಿಯ ಜಾಮ್ ಬಾಟಲಿಯಲ್ಲಿ
ಅರವತ್ತಾರರ ದುಂಡು ಐವತ್ತು ಸೆಂಟುಗಳು,
ನೂರಕ್ಕೆ ಎಂಬತ್ತು ಬೆಳ್ಳಿ. ಆಮೇಲೆ ಬಂದವಕ್ಕೆ
ಮೂಲೆ ಹನ್ನೆರಡು, ಬೆಳ್ಳಿ ಸೊನ್ನೆ.
ಮುದುಕಿಗೂ ಈ ಲೆಕ್ಕ ಗೊತ್ತಿತ್ತು. ಬಾಟಲಿ ಮಾರಾಟಕ್ಕಿಲ್ಲ,
ನೋಡಲಿಕ್ಕೆ ಇಟ್ಟದ್ದಂತೆ.

ಪಕ್ಕದ ಮನೆಯ ಮರ್ವ್ ಟ್ರೆಜೈಸ್ ಬೇಲಿಗೆ ಮೊಣಕೈ ಊರಿ
ಎಲ್ಲ ಕೇಳಿಸಿಕೊಂಡ. ಮೂವತ್ತೊಂದು ವರ್ಷ ಗಣಿಯೊಳಗಿದ್ದವನು,
ಮನೆಯಲ್ಲಿ ಒಂದು ಬೆಳ್ಳಿ ಚಮಚವಿಲ್ಲ.
ನಾವು ತೋಡಿದ್ದೆಲ್ಲ ರೈಲು ಹತ್ತಿ ಪೋರ್ಟ್ ಪಿರಿಗೆ ಹೋಯಿತು,
ನೀನು ಅಂಚೆ ಖರ್ಚು ಕೊಟ್ಟು ವಾಪಸು ಕರೆಸು, ಎಂದು ನಕ್ಕ.
ಶೆಡ್ಡಿಗೆ ಹೋಗಿ ಒಂದು ಕಲ್ಲು ತಂದು ಕೈಗಿಟ್ಟ.
ತೆಂಗಿನಕಾಯಿಯಷ್ಟು ಗಾತ್ರ, ಕೈ ಜಗ್ಗಿ ಮೊಣಕಾಲಿಗೆ ಬಂತು.
ಕಾಡಿಗೆ ಕಣ್ಣಿನ ಹೊಳಪು. ಒಡೆದರೆ ಚೌಕ, ಚೌಕ ಒಡೆದರೆ ಚೌಕ.
ಇದೂ ಬೆಳ್ಳಿಯೇ, ಎಂದ, ಒಂದು ಚಿಟಿಕೆ.
ಉಳಿದದ್ದು?
ಸೀಸ. ಹೋಗಿ ಕೈ ತೊಳಿ.

ಸೋಮವಾರ ಕ್ಲಿನಿಕ್ಕಿನಲ್ಲಿ ಎರಡೂವರೆ ವರ್ಷದ ಜಾರಾ.
ಕರಡಿಯ ಸ್ಟಿಕ್ಕರು ಮೊದಲೇ ಕೊಟ್ಟೆ, ಸೂಜಿ ಆಮೇಲೆ.
ಬೆರಳ ತುದಿಯಲ್ಲಿ ಒಂದು ಹನಿ.
ಯಂತ್ರ ಮೂರು ನಿಮಿಷ ಯೋಚಿಸುತ್ತದೆ.
ಆ ಮೂರು ನಿಮಿಷ ತಾಯಿಗೆ ನಾನು ಹೇಳುವುದು ಯಾವಾಗಲೂ ಒಂದೇ:
ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಸಂದಿ ಮರೆಯಬೇಡಿ,
ಊಟಕ್ಕೆ ಮೊದಲು ಕೈ ತೊಳೆಸಿ, ಅಂಗಳದ ಮಣ್ಣು ಬಾಯಿಗೆ ಬೇಡ.
ಹನ್ನೊಂದು, ಎಂದಿತು ಯಂತ್ರ. ಐದರೊಳಗೆ ಇರಬೇಕಿತ್ತು.
ತಾಯಿ ತನ್ನ ಕೈ ತಾನೇ ತಿರುಗಿಸಿ ನೋಡಿಕೊಂಡಳು.
ಜಾರಾ ಮಾತ್ರ ಇನ್ನೊಂದು ಕರಡಿ ಬೇಕೆಂದು ಬೆರಳು ಚಾಚಿ ನಿಂತಳು.

ಕೊನೆಗೆ ನಾವು ತರಿಸಿದ್ದು ಹತ್ತು ನಾಣ್ಯ, ಹತ್ತು ಔನ್ಸಿನ ಒಂದು ಗಟ್ಟಿ.
ಮದುವೆಯ ಮಾತುಕತೆಯಂತೆ, ಎರಡು ಕಡೆಗೂ ಅರ್ಧ ಸೋಲು.
ಚಪಾತಿ ಹಿಟ್ಟು ತೂಗುವ ತಕ್ಕಡಿಯಲ್ಲಿಟ್ಟು
ಧರಣೇಂದ್ರ ಎರಡು ಸಲ ಓದಿದ. ತೂಕ ಸರಿ.
ಮರ್ವ್‌ನ ಕಲ್ಲು ಹೊರಗೆ, ನಲ್ಲಿಯ ಪಕ್ಕ,
ಮುಚ್ಚಳವಿರುವ ಡಬ್ಬಿಯಲ್ಲಿ. ಎಸೆಯಲು ಮನಸ್ಸಿಲ್ಲ,
ಒಳಗಿಡಲು ಧೈರ್ಯವಿಲ್ಲ.

ಒಂದೊಂದೇ ನಾಣ್ಯ ಬೆಳಕಿಗೆ ಹಿಡಿದೆ.
ಒಂದರಲ್ಲೂ ಊರಿನ ಹೆಸರಿರಲಿಲ್ಲ.
ಮತ್ತೆ ಕೊಳವೆಗೆ ತುಂಬಿ, ಡಬ್ಬಿಗೆ ಇಳಿಸಿ,
ಮೇಲೆ ಅಕ್ಕಿ ಸುರಿದು,
ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದೆ.
ಶುದ್ಧ ಬೆಳ್ಳಿ, ಅಗತ್ಯವಿರಲಿಲ್ಲ.