ಹಿಗ್ಗು

ಟೇಕಲ್ ಗೂಡ್ಸ್ ಶೆಡ್ಡಿನ ಹಿಂದೆ ನಮ್ಮ ಲ್ಯಾಬು.
ಅಂಗಡಿ ಮುಚ್ಚಿದ ಐಸ್‌ಕ್ರೀಮಿನವರಿಂದ ಕೊಂಡ ಫ್ರೀಜರು,
ಮುಚ್ಚಳದ ಮೇಲೆ ಉಜ್ಜಿದರೂ ಹೋಗದ ಒಂದು ಮಾವಿನಹಣ್ಣು.
ಒಳಗೆ ಅಂಗೈಯಗಲದ ಹನ್ನೆರಡು ಕಲ್ಲು.

ಸಂಜೆ ಆರಕ್ಕೆ, ನೀರು ಕುಡಿದವನ್ನು ಒಳಗೆ ಮಲಗಿಸುತ್ತೇನೆ.
ಬೆಳಿಗ್ಗೆ ಆರಕ್ಕೆ ಎಬ್ಬಿಸಿ ತೊಟ್ಟಿಗೆ ಬಿಡುತ್ತೇನೆ.
ಐವತ್ತಾರು ಸಲ.
ಯಾವುದೋ ಚಳಿದೇಶದ ಫುಟ್‌ಪಾತಿಗೆ ಹೋಗಬೇಕಂತೆ ಇವು.
ಅಲ್ಲಿನ ಐವತ್ತಾರು ರಾತ್ರಿ
ಇಲ್ಲಿ, ಮಾರ್ಚಿಯ ಉರಿಬಿಸಿಲಲ್ಲಿ,
ಕರೆಂಟು ಇದ್ದರೆ.

ಇಲ್ಲದ ದಿನ ರಿಜಿಸ್ಟರಿನಲ್ಲಿ ಬರೆಯುತ್ತೇನೆ:
ಇಪ್ಪತ್ತಮೂರು, ಅರ್ಧ.

ಅಪ್ಪ ಬಂದ, ಊಟದ ಡಬ್ಬಿ ಕೊಡುವ ನೆಪದಲ್ಲಿ.
ಕಲ್ಲುಕುಟಿಗರ ಗಂಗುಲಪ್ಪ.
ಬಂಡೆಯ ಮೈಮೇಲೆ ಸೌದೆ ಹಾಸಿ
ಬೆಂಕಿಯನ್ನು ಮೊಳಮೊಳವೇ ಮುಂದೆ ತಳ್ಳುತ್ತ
ಹೆಂಚಿನಿಂದ ರೊಟ್ಟಿ ಎಬ್ಬಿಸಿದ ಹಾಗೆ ಚಪ್ಪಡಿ ಎಬ್ಬಿಸಿದವನು.
"ಬೆಂಕಿ ಗೊತ್ತು ನಂಗೆ. ಇದೇನಮ್ಮ,
ತಣ್ಣೀರು ಕಲ್ಲು ಒಡೀತದಾ?"

ಒಡೆಯೋದಲ್ಲಪ್ಪ, ಹಿಗ್ಗೋದು.
ಕಣ್ಣಿಗೆ ಕಾಣದ ಬಿರುಕಲ್ಲಿ ಕೂತ ನೀರು
ಗಡ್ಡೆ ಕಟ್ಟುವಾಗ ಹಿಗ್ಗುತ್ತದೆ.
ಲೋಕವೆಲ್ಲ ಚಳಿಗೆ ಮುದುಡುವ ಹೊತ್ತಲ್ಲಿ
ಅದಕ್ಕೊಂದಕ್ಕೆ ಮೈ ಚಾಚುವ ಸಂಭ್ರಮ.
ಬೆಳಗಾದರೆ ಕರಗಿ ಏನೂ ಆಗಿಲ್ಲದಂತೆ ಕೂರುತ್ತದೆ,
ತುಸು ಅಗಲವಾದ ಜಾಗಕ್ಕೆ
ಇನ್ನೊಂದು ತೊಟ್ಟನ್ನು ಕರೆದುಕೊಂಡು.

ಹಿಗ್ಗಬೇಡ, ಕುಗ್ಗಬೇಡ ಅನ್ನುತ್ತಿದ್ದಳು ಅಜ್ಜಿ.
ಕಲ್ಲು ಆ ಮಾತು ಕೇಳಿಯೇ ಹುಟ್ಟಿದ್ದು.
ಆದರೂ ನೋಡು,
ಹಿಗ್ಗಿದ್ದು ನೀರು, ಸವೆದದ್ದು ಕಲ್ಲು.

ಐವತ್ತಾರನೆಯ ಬೆಳಿಗ್ಗೆ
ಗರಗಸದಲ್ಲಿ ಕೊಯ್ದ ಒಂಬತ್ತೂ ಪಾಸು.
ಬೆಂಕಿ ಹಾಕಿ ಎಬ್ಬಿಸಿದ ಮೂರು,
ಅಪ್ಪನ ಹಳೇ ಗುಂಡಿಯವು,
ಅಂಚಲ್ಲಿ ಹಿಟ್ಟು ಹಿಟ್ಟು.
ಒಂದೊಂದರಲ್ಲೂ ನಾಲ್ಕೈದು ಗ್ರಾಂ ಕಡಿಮೆ.

ಅಪ್ಪ ಉಳಿಯ ಹಿಂತುದಿಯಿಂದ ತಟ್ಟಿ ಕಿವಿಗೊಟ್ಟ.
ಒಂಬತ್ತಕ್ಕೆ ಕಂಚಿನ ದನಿ.
ಮೂರಕ್ಕೆ ಒದ್ದೆ ಗೋಡೆ ಗುದ್ದಿದ ದನಿ.
ಬಹಳ ಹೊತ್ತು ಮಾತಾಡಲಿಲ್ಲ.
"ಹಂಗಾದ್ರೆ ಬಾಗಿಲು ತೆಗೆದಿದ್ದು ನನ್ನ ಬೆಂಕಿನೇ."

ಹೌದು ಅನ್ನಲಿಲ್ಲ ನಾನು.
ರಿಜಿಸ್ಟರಿನಲ್ಲಿ ಬರೆದೆ.

ಒಂದು ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ.
ಈಗ ಅದು ಹಿತ್ತಿಲಲ್ಲಿ, ಕೋಳಿಗೂಡಿನ ಬಾಗಿಲಿಗೆ ಒತ್ತು.
ಟೇಕಲ್ಲಲ್ಲಿ ನೀರು ಗಡ್ಡೆ ಕಟ್ಟೋ ತನಕ
ಇದಕ್ಕೇನೂ ಆಗಲ್ಲ ಬಿಡಿ, ಅಂತಾನೆ,
ಕತ್ತಲಾದ ಮೇಲೆ,
ಕೋಳಿಗಳಿಗೆ.