ಸ್ಯಾಟಿನ್

ಅಶೋಕ ರಸ್ತೆಯ ಹಿಂದಿನ ಓಣಿ. ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ
ಆರು ವರ್ಷ ಆ ನಾಲ್ವರು ಗದ್ದಲ ಎಬ್ಬಿಸಿದರು.
ಏಳು ಹೆಜ್ಜೆ ನಡೆದು ಎಂಟನೆಯದನ್ನು ನುಂಗುವ ತಾಳ.
ಮಿಷನ್ ತುಳಿಯುವ ನನ್ನ ಕಾಲು ಅದರ ಬೆನ್ನು ಹತ್ತಿ
ಎಷ್ಟು ಬ್ಲೌಸಿನ ತೋಳು ಸೊಟ್ಟಗಾದವೋ.
ಜಯಲಕ್ಷ್ಮೀಪುರದ ಮೇಡಂ ಒಬ್ಬರು
ಎಡಗೈ ಎತ್ತಿ ತೋರಿಸಿ, ಬೈದೇ ಹೋದರು.

ರೆಕಾರ್ಡಿಂಗ್ ದಿನ ಕೆಂಡಗಣ್ಣ ಇಳಿದು ಬರುತ್ತಿದ್ದ:
‘ಅಕ್ಕ, ನಾಲ್ಕು ನಿಮಿಷ ಮಿಷನ್ ನಿಲ್ಸಿ.’
ನಿಲ್ಲಿಸುತ್ತಿದ್ದೆ. ಚರ್ಚಿನ ಗಂಟೆಗೆ ಹೇಳುವವರು ಯಾರು?
ಹನ್ನೆರಡಕ್ಕೆ ಅದು ಹಾಡಿನೊಳಗೆ ನುಗ್ಗಿ ಕೂತಿತು.
ಅವರೂ ಎಬ್ಬಿಸಲಿಲ್ಲ.
ಆ ಆಲ್ಬಂ ಕೊಂಡವರು, ನನ್ನನ್ನೂ ಸೇರಿಸಿ,
ಒಂದು ಸಿಟಿ ಬಸ್ಸಿಗೆ ಸಾಕಾಗುವಷ್ಟು.

ಈ ಸಲದ್ದು ಬೇರೆ.
ಲವೀನ ಇಸ್ತ್ರಿ ಮೇಜಿನ ಮೇಲೆ ಫೋನಿಟ್ಟು ಕೇಳಿಸಿದಳು.
ದುಮ್ ದುಮ್ ದುಮ್ ದುಮ್, ಒಂದು ಸುಕ್ಕೂ ಇಲ್ಲ.
ಗಂಟೆ ಇಲ್ಲ, ಓಣಿಯ ನಾಯಿ ಇಲ್ಲ,
ಎರಡು ಸಾಲಿನ ನಡುವೆ ಅವಳು ಉಸಿರೆಳೆಯುವ ಸದ್ದೂ ಇಲ್ಲ.
‘ಕೆಂಡಗಣ್ಣನ ಕೈ ಎಲ್ಲಮ್ಮಾ?’
‘ಒಂದೇ ಒಂದು ಏಟು ಅವನದು. ಮಿಕ್ಕಿದ್ದೆಲ್ಲ ಅದರ ನಕಲು.’

ಹಳೆಯ ಅಭಿಮಾನಿಯೊಬ್ಬ ಮೆಟ್ಟಿಲ ಬುಡದಲ್ಲಿ ನಿಂತು
‘ಮಾರ್ಕೊಂಡ್ಬಿಟ್ರು’ ಅಂದು ಹೋದ.
ನನ್ನ ಬಾಯ ತುಂಬ ಗುಂಡುಸೂಜಿ. ಉತ್ತರ ಕೊಡಲಿಲ್ಲ.

ಆಮೇಲೆ ಅವಳು ಚೀಲದಿಂದ ಬಟ್ಟೆ ತೆಗೆದಳು,
ಸ್ಟೇಜಿಗೆ, ಮೀನ ಬೆನ್ನಿನ ಹಾಗೆ ಮಿನುಗುವ ಸ್ಯಾಟಿನ್.

ಕೈಮಗ್ಗದ ಹತ್ತಿ ಕ್ಷಮಿಸುತ್ತೆ. ತಪ್ಪು ಹೊಲಿಗೆ ಬಿಚ್ಚಿ
ಉಗುರಲ್ಲಿ ಉಜ್ಜಿದರೆ ತೂತು ಮುಚ್ಚಿಕೊಳ್ಳುತ್ತೆ.
ಸ್ಯಾಟಿನ್ ಹಾಗಲ್ಲ. ಕತ್ತರಿ ಬಾಯಿಂದ ಜಾರುತ್ತೆ,
ಸೂಜಿ ಒಮ್ಮೆ ತಗುಲಿತೋ, ಮುಗೀತು,
ಅಲ್ಲೊಂದು ಕಣ್ಣು ತೆರೆದೇ ಇರುತ್ತೆ.
ನುಣುಪಿಗೆ ದುಪ್ಪಟ್ಟು ಕೈ ಬೇಕು,
ಕೈ ಆಡಿದ್ದು ಮಾತ್ರ ಯಾರಿಗೂ ಕಾಣಬಾರದು.
ಇದನ್ನು ಆ ಹುಡುಗನಿಗೆ ಹೇಳಬೇಕಿತ್ತು.

ಸಂಜೆ ಶಟರ್ ಅರ್ಧ ಎಳೆದು ಆ ಹಾಡುಗಳನ್ನೇ ಹಾಕಿಕೊಂಡು ಕೂತೆ.
ಹೊಲಿಗೆ ಚಾಕ್‌ಪೀಸಿನ ಗೆರೆ ಹಿಡಿದು ಓಡಿತು.
ಐವತ್ತೆರಡರ ಸೊಂಟ ಸ್ಟೂಲಿನ ಮೇಲೆ ಅಲ್ಲಾಡಿತು,
ನಾಚಿಕೆಯಾಯಿತು, ನಿಲ್ಲಿಸಲಿಲ್ಲ.
ಮೂರನೇ ಹಾಡಿನಲ್ಲಿ ಕಾಲು ತಾನೇ
ಎಂಟನೇ ಹೆಜ್ಜೆ ನುಂಗಿತು.
ಹಾಡು ನುಂಗಲಿಲ್ಲ.

ಬಲ ಕಂಕುಳ ಕೆಳಗೆ ಒಂದು ತೂತು ಉಳಿದಿದೆ, ಲವೀನ.
ಕೈ ಮೇಲೆತ್ತಿ ಕುಣಿದರಷ್ಟೇ ಕಾಣುತ್ತೆ.